ಅವ್ವನ ಬಾಯಲ್ಲಿ ಅಪ್ಪನ ಹೆಸರು

ಡಾಕ್ಟರು ಹೇಳಿದ ಔಷಧ ಕೊಲ್ಲಾಪುರದ ಯಾವ ಅಂಗಡಿಯಲ್ಲೂ ಸಿಗುವಂಥದ್ದಾಗಿರಲಿಲ್ಲ. ಅವ್ವ ಅಪ್ಪನನ್ನು ಹೆಸರು ಹಿಡಿದು ಕರೆಯಬೇಕಿತ್ತು.

“ನಾವ ಘೇಊನ ಹಾಕ ಮಾರಾ, ಬಾಈ,” ಎಂದರು ಮರಾಠಿಯಲ್ಲಿ, ಹೆಸರು ಹಿಡಿದು ಕೂಗು ತಾಯೀ ಎಂದು. ಅದೆಷ್ಟು ಕಷ್ಟವೆಂದು ಅವರಿಗೂ ಗೊತ್ತಿತ್ತು. ಅದಕ್ಕೇ ಅವ್ವನ ಮುಖ ನೋಡದೆ ಕಿಟಕಿ ನೋಡುತ್ತ ಹೇಳಿದರು.

ಅದು ಮೂವತ್ತೆಂಟನೇ ಇಸವಿ, ನನಗಾಗ ಹದಿನಾರು. ಉದಗಾಂವದಿಂದ ಬೆಲ್ಲದ ಗಾಡಿ ಹೊಡೆದುಕೊಂಡು ಅಪ್ಪ ಜಯಸಿಂಗಪುರದ ಪೇಟೆಗೆ ಹೋಗಿದ್ದರು. ರೈಲು ಕೂಗಿದ್ದಕ್ಕೆ ಎತ್ತು ಬೆದರಿ, ಅಪ್ಪ ಹಿಂದಕ್ಕೆ ಬಿದ್ದು, ತಲೆ ಕಲ್ಲಿಗೆ ಬಡಿಯಿತು. ಜೊತೆಗಿದ್ದ ಅವರ ಗೆಳೆಯ ಧೋಂಡಿಬಾ ಮಾಮಾ ಅದೇ ರೈಲಿನಲ್ಲಿ ಹಾಕಿಕೊಂಡು ದವಾಖಾನೆಗೆ ತಂದರು.

ಹನ್ನೊಂದು ದಿನವಾಗಿತ್ತು. ಅಪ್ಪನ ಕಣ್ಣು ತೆರೆದಿರುತ್ತಿದ್ದವು, ನೋಡುತ್ತಿರಲಿಲ್ಲ. ಚಮಚದಲ್ಲಿ ಹಾಕಿದ ಗಂಜಿಯನ್ನು ಮೊದಮೊದಲು ನುಂಗುತ್ತಿದ್ದರು. ಎರಡು ದಿನದಿಂದ ಅದು ಕಟಬಾಯಿಗುಂಟ ಇಳಿದು ದಿಂಬು ತೋಯಿಸುತ್ತಿತ್ತು. ಹೀಗೇ ಇನ್ನೆರಡು ದಿನ ಹೋದರೆ ತಮ್ಮ ಕೈಯಲ್ಲಿ ಏನೂ ಇಲ್ಲವೆಂದು ಡಾಕ್ಟರು ಬಿಚ್ಚಿಯೇ ಹೇಳಿದರು.

ಧೋಂಡಿಬಾ ಮಾಮಾ “ಬಾಳಗೊಂಡಾ, ಊಠ ಕೀ ರೇ!” ಎಂದು ಅಪ್ಪನ ಹೆಸರು ಹಿಡಿದು, ಏಳೋ ಏಳೋ ಎಂದು ಮೂರು ದಿನ ಗಂಟಲು ಹರಿದುಕೊಂಡಿದ್ದರು. ರೆಪ್ಪೆ ಕೂಡ ಅಲುಗಲಿಲ್ಲ. ಆದರೆ ಅವ್ವ ಕಾಲ ಬಳಿ ಕೂತು ಣಮೋಕಾರ ಮಂತ್ರ ಗುನುಗುವಾಗ ಅಪ್ಪನ ಬೆರಳು ಮಿಸುಕುವುದನ್ನು ಡಾಕ್ಟರು ಕಂಡಿದ್ದರು. ಈ ದನಿಯೊಂದೇ ಒಳಗೆ ಹೋಗುತ್ತಿದೆ, ಈ ದನಿಯಲ್ಲೇ ಹೆಸರು ಹೋಗಲಿ ಎಂಬುದು ಅವರ ಲೆಕ್ಕ.

ಅವ್ವ ಒಪ್ಪಬೇಕಲ್ಲ!

“ಗಂಡನ ಹೆಸರ ಹೇಳಿದ್ರ ಆಯುಷ್ಯ ಕಮ್ಮಿ ಆಗತೈತಿ, ಶಾಲನ. ಉಳದದ್ದ ಇಷ್ಟ ಐತಿ, ಅದನ್ನೂ ನಾನ ಕಳೀಲೇನು?” ಎಂದಳು ನನಗೆ.

“ಗಂಜಿ ನುಂಗದಿದ್ರ ಆಯುಷ್ಯ ಎಲ್ಲಿಂದ ಬರತೈತೆವ್ವಾ?” ಎಂದು ರೇಗಿದೆ. ನನ್ನ ಹೆದರಿಕೆ ಹೊರಗೆ ಬೀಳದಿರಲೆಂದು ಆ ದಿನಗಳಲ್ಲಿ ಎಲ್ಲರ ಮೇಲೂ ಹರಿಹಾಯುತ್ತಿದ್ದೆ. ನಾನೇ ಹೆಸರು ಹಿಡಿದು ಕರೆಯುತ್ತೇನೆಂದು ಹಟ ಹಿಡಿದು ಮಂಚದ ಬಳಿ ಹೋದೆ. ಬಾಯಿ ತೆರೆದರೆ ಬಂದದ್ದು “ಅಪ್ಪಾ” ಅಷ್ಟೇ. ದೊಡ್ಡ ಬಾಯಿಯವಳ ಕಥೆ ಅಲ್ಲಿಗೆ ಮುಗಿಯಿತು.

ಅವ್ವನಿಗೆ ಒಂದು ಉಪಾಯ ಹೊಳೆಯಿತು. ಒಡಪಿನಲ್ಲಿ, ಪ್ರಾಸದ ಸಾಲಿಗೆ ಸೇರಿಸಿ, ಗಂಡನ ಹೆಸರು ಹೇಳಿದರೆ ದೋಷವಿಲ್ಲ, ಮದುವೆಯಲ್ಲಿ ಎಲ್ಲ ಹೆಂಗಸರೂ ಹೇಳುತ್ತಾರೆ. ಸೆರಗು ಹೊದ್ದು, ಅಪ್ಪನ ಕಿವಿಗೆ ಬಾಗಿ, “ಹೊಳಿ ದಂಡ್ಯಾಗ ಕಬ್ಬಿನ ತ್ವಾಟ, ಬಾ...ರ ಕೂಡ ನಂದು ಸಂಸಾರದಾಟ,” ಎಂದು ಒಂದೇ ಉಸಿರಿಗೆ ಒದರಿದಳು. ಕಬ್ಬು ಕೇಳಿಸಿತು, ತೋಟ ಕೇಳಿಸಿತು. ಹೆಸರನ್ನು ಮಾತ್ರ ನುಂಗಿಬಿಟ್ಟಿದ್ದಳು. ಅಪ್ಪನ ಬೆರಳು ಒಮ್ಮೆ ಮಿಸುಕಿ ಸುಮ್ಮನಾಯಿತು.

ಮಧ್ಯಾಹ್ನ ಗಂಜಿ ಹಾಕುವಾಗ ಅಪ್ಪನಿಗೆ ನೆತ್ತಿಗೇರಿತು. ಕೆಮ್ಮಲೂ ಶಕ್ತಿಯಿಲ್ಲದೆ ಮುಖ ಕಪ್ಪಿಟ್ಟಿತು. ಮಾಮಾ ಅವರನ್ನು ಮಗ್ಗುಲಿಗೆ ಹೊರಳಿಸಿ ಬೆನ್ನು ತಟ್ಟಿದರು. ಉಸಿರೇನೋ ಮರಳಿತು. ಆದರೆ ಆ ಒಂದು ಗಳಿಗೆ ಅಪ್ಪ ಹೋದರೆಂದೇ ನಾವು ಮೂವರೂ ತಿಳಿದಿದ್ದೆವು.

ಅವ್ವ ಎದ್ದು ನಿಂತಳು. ತಲೆಯ ಮೇಲಿನ ಸೆರಗು ಜಾರಿತ್ತು, ಸರಿಮಾಡಿಕೊಳ್ಳಲಿಲ್ಲ.

“ಬಾಳಗೊಂಡಾ!”

ಒಡಪಿಲ್ಲ, ರೀ ಇಲ್ಲ. ಬರೀ ಹೆಸರು. ವಾರ್ಡಿನ ಆ ತುದಿಯವರೂ ತಿರುಗಿ ನೋಡಿದರು. ಅವ್ವ ಮತ್ತೆ ಕೂಗಿದಳು, ಮತ್ತೂ ಕೂಗಿದಳು. ನಾನು ಕಣ್ಣು ಮುಚ್ಚಿಕೊಂಡೆ.

“ಯಾರದು?”

ದನಿ ಒಡೆದಿತ್ತು, ಆದರೆ ಅಪ್ಪನದೇ. ಕಣ್ಣು ತೆರೆದೆ. ಅಪ್ಪ ಅವ್ವನನ್ನು ನೋಡುತ್ತಿದ್ದರು, ನಿಜವಾಗಿಯೂ ನೋಡುತ್ತಿದ್ದರು. ಮಾಮಾ ಡಾಕ್ಟರನ್ನು ಕರೆಯಲು ಓಡಿದರು.

“ನಾನ್ರಿ,” ಎಂದಳು ಅವ್ವ. ಅಳುತ್ತಿದ್ದಳು.

“ನಾನಂದ್ರ?”

“ನಿಮ್ಮ ಮನಿಯಾಕಿ.”

ಅಪ್ಪನ ಹುಬ್ಬು ಗಂಟಿಕ್ಕಿತು.

“ಅಲ್ಲ. ನನ್ನ ಮನಿಯಾಕಿ ರಾಜಮತಿ. ಆಕಿ ಹೆಸರ ಹಿಡದು ಕರಿಯೂದಿಲ್ಲ.” ತುಸು ಉಸಿರೆಳೆದುಕೊಂಡರು. “ನನಗ ಹಿಂಗ ಆಗೈತಿ ಅಂತ ಆಕಿಗೆ ಹೇಳಬ್ಯಾಡ್ರಿ. ಭಾಳ ಅಂಜತಾಳ.”

“ಅಪ್ಪಾ, ಇಕೀನ...” ಎಂದು ನಾನು ಮುಂದೆ ಬಂದೆ. ಅವ್ವ ನನ್ನ ಮೊಣಕೈ ಹಿಡಿದು ತಡೆದಳು. ಸೆರಗನ್ನು ತಲೆ ಮೇಲೆ ಎಳೆದುಕೊಂಡು ಮಂಚದ ಅಂಚಿಗೆ ಕೂತಳು, ಚಮಚ ತುಂಬಿದಳು.

“ಹೇಳೂದಿಲ್ರಿ. ನೀವು ಮೊದಲ ಇಷ್ಟ ಗಂಜಿ ಕುಡೀರಿ.”

ಅಪ್ಪ ಬಾಯಿ ತೆರೆದರು. ಗಂಟಲ ಗಂಟು ಮೇಲೇರಿತು, ಇಳಿಯಿತು. ದಿಂಬಿನ ಮೇಲೆ ಒಂದು ಹನಿಯೂ ಬೀಳಲಿಲ್ಲ.

“ಉಪಕಾರ ಆತು, ಯವ್ವಾ,” ಎಂದರು, ಗುರುತಿಲ್ಲದ ಹೆಂಗಸಿಗೆ ಹೇಳುವ ಮರ್ಯಾದೆಯಲ್ಲಿ. ಅವ್ವ ತಲೆಯಾಡಿಸಿ ಎರಡನೇ ಚಮಚ ತುಂಬಿದಳು.