ಡ್ರಮ್ ಬಾರಿಸುವವನ ಕಿವಿ

ಸಿಕ್ಸ್ಟನ್ ಬ್ರಾಟ್ ಮೇಲ್ದುಟಿಯೊಳಗೆ ಬೆರಳು ಹಾಕಿ, ಎಂಜಲಲ್ಲಿ ನೆನೆದ ಹೊಗೆಸೊಪ್ಪಿನ ಸಣ್ಣ ಪೊಟ್ಟಣವೊಂದನ್ನು ಹೊರತೆಗೆದು, ನನ್ನ ಮೇಜಿನ ಮೇಲಿದ್ದ ಹತ್ತಿಯ ಟ್ರೇಯಲ್ಲಿ ಇಟ್ಟ. ಕಂದು ನೀರು ಬಿಳಿ ಹತ್ತಿಗೆ ಇಳಿಯುತ್ತಿದ್ದಂತೆ ಟ್ರೇಯನ್ನು ಮೇಜಿನ ಅಂಚಿಗೆ ತಳ್ಳಿದೆ.

"ನಮ್ಮ ಸ್ವೀಡನ್ನಿನಲ್ಲಿ ಇದು ಮಾಮೂಲು, ಸಿಸ್ಟರ್," ಎಂದು ನಕ್ಕ.

ನಾನು ಸಿಸ್ಟರ್ ಅಲ್ಲ. ಈ ಪರದೇಶದ ಊರಿನ ಹರ್ಲಿಂಗ್‌ಹ್ಯಾಮ್ ಬಡಾವಣೆಯಲ್ಲಿರುವ ಡಾಕ್ಟರ್ ದ್ವಾರಕಾನಾಥರ ಕ್ಲಿನಿಕ್ಕಿನಲ್ಲಿ ಕಿವಿ ಪರೀಕ್ಷೆ ಮಾಡುವವಳು. ಮೊದಲು ಇಲ್ಲೇ ರಿಸೆಪ್ಷನ್ನಿನಲ್ಲಿ ಕೂರುತ್ತಿದ್ದೆ. ಎರಡು ವರ್ಷ ಸಂಜೆ ತರಗತಿಗೆ ಹೋಗಿ ಈ ಕೆಲಸ ಕಲಿತೆ. ಹಗಲಿನಲ್ಲಿ ಓದಿದವರಿಗೆ ಗೊತ್ತಿರುವ ಏನೋ ಒಂದು ನನಗೆ ಗೊತ್ತಿಲ್ಲ ಎಂಬ ಅಳುಕು ಇನ್ನೂ ಹೋಗಿಲ್ಲ.

ಅಂದು ಸೋಮವಾರ. ಜೋರು ಸದ್ದಿನ ನಡುವೆ ಎಷ್ಟು ವರ್ಷ ಕೆಲಸ ಎಂದು ಫಾರಂ ನೋಡಿ ಕೇಳಿದೆ. "ಮೂವತ್ತೆಂಟು," ಎಂದವನು ಕಥೆಯನ್ನೇ ಶುರುಮಾಡಿದ. ಉತ್ತರದ ಗಣಿ ಊರೊಂದರಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ರಾಕ್ ತಂಡದ ಜೊತೆ ಡ್ರಮ್ ಅಭ್ಯಾಸ. ಹತ್ತೊಂಬತ್ತಕ್ಕೆ ಮೊದಲ ಆಲ್ಬಮ್. ಆಮೇಲೆ ಯುರೋಪು, ಜಪಾನು, ಬ್ರೆಜಿಲ್. ವೇದಿಕೆಯ ಮೇಲೆ ಹಂದಿಯ ತಲೆಗಳನ್ನು ಸಾಲಾಗಿ ಕಂಬಕ್ಕೆ ಸಿಕ್ಕಿಸಿ, ಅವುಗಳ ನಡುವೆ ಇವನು ಡ್ರಮ್ ಬಾರಿಸುತ್ತಿದ್ದನಂತೆ. ಪ್ರವಾಸ ಮುಗಿಯುವವರೆಗೂ ಅವೇ ತಲೆಗಳು. "ಮೂರನೇ ವಾರಕ್ಕೆ ಹುಳ ನನ್ನ ಡ್ರಮ್ಮಿನ ಮೇಲೇ ಉದುರುತ್ತಿತ್ತು. ಬಾರಿಸಿದರೆ ಕುಣಿಯುತ್ತಿದ್ದವು!" ಎಂದು ಬೆರಳಲ್ಲಿ ತೋರಿಸಿದ. ನಾನು ಮಂಗಳೂರಿನ ಕ್ರಿಶ್ಚಿಯನ್ ಮನೆಯವಳು, ಹಬ್ಬಕ್ಕೆ ಹಂದಿ ಮಾಂಸ ಮಾಡುವವಳು. ಆದರೂ ಮಧ್ಯಾಹ್ನದ ಡಬ್ಬಿ ಬಿಚ್ಚಲಾಗಲಿಲ್ಲ.

ಆಮೇಲೆ ಕುಡಿತ, ಜಗಳ, ತಂಡ ಒಡೆದದ್ದು. ಹೆಂಡತಿಗೆ ಇಲ್ಲಿ ವಿಶ್ವಸಂಸ್ಥೆಯ ಕೆಲಸ ಸಿಕ್ಕಿ, ಐದು ವರ್ಷದಿಂದ ರುಂಡಾ ಬಡಾವಣೆಯ ದೊಡ್ಡ ಮನೆಯಲ್ಲಿ ಸುಮ್ಮನೆ ಕೂತಿದ್ದ. ಈಗ ಹಳೆಯ ತಂಡ ಮತ್ತೆ ಕರೆದಿದೆ, ಜೂನ್‌ನಿಂದ ನಲವತ್ತು ಕಾರ್ಯಕ್ರಮ. ಆದರೆ ಕಿವಿ ಸರಿಯಿದೆ ಎಂದು ವಿಮೆಯವರಿಗೆ ಪತ್ರ ಬೇಕು. ಇಲ್ಲದಿದ್ದರೆ ಅವನ ಜಾಗದಲ್ಲಿ ಬೇರೊಬ್ಬ.

ಗಾಜಿನ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಕೈಗೆ ಬಟನ್ ಕೊಟ್ಟೆ. ಸದ್ದು ಕೇಳಿದಾಗ ಅವನು ಒತ್ತಬೇಕು. ಒತ್ತಿದರೆ ನನ್ನ ಮೆಷಿನ್ನಿನಲ್ಲಿ ಹಸಿರು ದೀಪ ಬೆಳಗುತ್ತದೆ. ಬೇಗ ಮುಗಿದರೆ ಸಾಕಾಗಿತ್ತು ನನಗೆ. ಎರಡೆರಡು ಸೆಕೆಂಡಿಗೆ ಒಂದರಂತೆ, ಬೀನ್ಸ್ ಹೆಚ್ಚುವ ಹಾಗೆ, ಒಂದೇ ಸಮನೆ ಸದ್ದು ಕೊಟ್ಟೆ. ಎರಡೂ ಕಿವಿ ಮಗುವಿನ ಕಿವಿಯಷ್ಟು ಚುರುಕು ಎಂದು ಬಂತು. ಅವನು ಹೋದ ಮೇಲೆ ಟ್ರೇಯನ್ನು ಮೂರು ಸಲ ತೊಳೆದೆ.

ಬುಧವಾರದವರೆಗೂ ಆ ಫಲಿತಾಂಶ ತಲೆ ಕೊರೆಯುತ್ತಲೇ ಇತ್ತು. ಕೊನೆಗೆ ಸಂಜೆ ತರಗತಿಯ ನೋಟ್‌ಬುಕ್ ತೆಗೆದೆ. ಎರಡನೇ ಪಾಠದಲ್ಲಿ ನನ್ನದೇ ಅಕ್ಷರ: ಸದ್ದುಗಳ ನಡುವೆ ಸಮ ಅಂತರ ಬೇಡ, ರೋಗಿ ಊಹಿಸಿ ಒತ್ತುತ್ತಾನೆ. ಕೆಳಗೆ ಗೆರೆಯನ್ನೂ ಎಳೆದಿದ್ದೆ. ಮೂವತ್ತೆಂಟು ವರ್ಷ ತಾಳ ಹಿಡಿದವನಿಗೆ ನಾನೇ ತಾಳ ಹಾಕಿಕೊಟ್ಟಿದ್ದೆ. ಅವನ ಮೇಲಿದ್ದ ಹೇಸಿಗೆಯಷ್ಟೂ ನನ್ನ ಮೇಲೆ ತಿರುಗಿತು.

ಗುರುವಾರ ಬೆಳಿಗ್ಗೆ, ರಿಪೋರ್ಟಿಗೆ ಸಹಿ ಬೀಳುವ ಮೊದಲೇ, ಡಾಕ್ಟರ ಕೋಣೆಗೆ ಹೋಗಿ ಹೇಳಿದೆ.

"ಏನಮ್ಮಾ ಫ್ಲಾವಿಯಾ, ಇದಕ್ಕೆ ನಿದ್ದೆ ಬಿಟ್ಯಾ?" ಎಂದರು. ಮೈಸೂರಿನವರು, ಇಲ್ಲಿಗೆ ಬಂದು ಮೂವತ್ತು ವರ್ಷ. "ಅವನ ಕಿವಿ, ಅವನ ಹಣೆಬರಹ. ನೀನ್ಯಾಕೆ ಟೆನ್ಷನ್ ತಗೋತೀಯ?"

"ಸರ್, ಟೆಸ್ಟ್ ತಪ್ಪು ಮಾಡಿದ್ದು ನಾನು. ಜೂನ್‌ನಲ್ಲಿ ಹೋಗಿ ಬಾರಿಸಿ ಪೂರಾ ಕಿವುಡ ಆದ್ರೆ, ಪೇಪರ್ ನಮ್ದೇ ಅಲ್ವಾ?"

"ಅಥವಾ ಅವನನ್ನ ಕಂಡ್ರೆ ನಿಂಗೆ ಆಗಲ್ವಾ?"

ಅದೇ ಪ್ರಶ್ನೆ ನನ್ನನ್ನೂ ತಿನ್ನುತ್ತಿತ್ತು.

"ಸರಿ, ಮತ್ತೆ ಮಾಡು," ಎಂದರು. "ಆದ್ರೆ ರೀಸನ್ ಏನೂಂತ ಬರೆದುಬಿಡು. ನಿನ್ನ ಹೆಸರು ಹಾಕಿ."

ಹತ್ತು ಗಂಟೆಗೆ ರಿಪೋರ್ಟ್ ಒಯ್ಯಲು ಬಂದವನನ್ನು ಮತ್ತೆ ಕೋಣೆಯಲ್ಲಿ ಕೂರಿಸಿದೆ. ಈ ಸಲ ಒಂದು ಸೆಕೆಂಡು ಬಿಟ್ಟು, ಐದು ಬಿಟ್ಟು, ಮೂರು ಬಿಟ್ಟು ಸದ್ದು ಕೊಟ್ಟೆ. ತೀಕ್ಷ್ಣ ಸ್ವರಗಳಿಗೆ ದೀಪ ಬೆಳಗಲೇ ಇಲ್ಲ. ಪ್ರೆಷರ್ ಕುಕ್ಕರಿನ ಸೀಟಿಯಷ್ಟು ಜೋರು ಮಾಡಿದ ಮೇಲೆ ಎಡಗಿವಿಗೆ ಒಮ್ಮೆ ಒತ್ತಿದ, ಅದೂ ಅನುಮಾನದಿಂದ.

ಹೆಡ್‌ಫೋನ್ ಕಿತ್ತು ಬಾಗಿಲು ತೆರೆದ. ಹಣೆಯ ಬೆವರು ಗಡ್ಡಕ್ಕೆ ಇಳಿದಿತ್ತು. ಬಾಯಿಂದ ಅದೇ ಹೊಗೆಸೊಪ್ಪಿನ ನಾತ. "ಸಿಸ್ಟರ್, ನನಗೆ ಬೇರೆ ಏನೂ ಬರುವುದಿಲ್ಲ. ರುಂಡಾದಲ್ಲಿ ನನ್ನನ್ನು ಮೇಡಂ ಗಂಡ ಅಂತ ಕರೆಯುತ್ತಾರೆ, ವಾಚ್‌ಮನ್ ಕೂಡ. ಸೋಮವಾರ ಮಾಡಿದ ಹಾಗೆ ಇನ್ನೊಂದು ಸಲ ಮಾಡಿ. ಪ್ಲೀಸ್." ನನ್ನ ಕೈ ಹಿಡಿಯಲು ಬಂದ. ಹಿಂದೆ ಸರಿದೆ.

"ಕೂತುಕೊಳ್ಳಿ," ಎಂದೆ. ಯಾಕೆ ಹಾಗೆಂದೆನೋ. ಒಪ್ಪಿದಳೆಂದುಕೊಂಡು ಹೋಗಿ, ಮತ್ತೆ ಹೆಡ್‌ಫೋನ್ ಹಾಕಿ ಕೂತ. ಗಾಜಿನಾಚೆಯಿಂದ ನನಗೆ ಕಾಣುವಂತೆ ಬೂಟುಗಾಲಲ್ಲಿ ತಾಳ ಹಾಕತೊಡಗಿದ. ಒಂದು, ಎರಡು, ಒತ್ತು. ಸದ್ದು ಕೊಡುವ ನನ್ನ ಬೆರಳು ಆ ತಾಳದ ಹಿಂದೆಯೇ ಹೋಯಿತು. ಮೂರು ಸಲ, ನಾಲ್ಕು ಸಲ. ಹೇಸಿಗೆಪಡುತ್ತಲೇ ಅವನು ಹೇಳಿದಂತೆ ಕೇಳುತ್ತಿದ್ದೆ. ಗಮನಕ್ಕೆ ಬಂದದ್ದೇ ಮೆಷಿನ್ನಿನ ಸದ್ದು ನಿಲ್ಲಿಸಿ, ಕೈ ಮಡಿಲಲ್ಲಿಟ್ಟುಕೊಂಡೆ.

ಅವನು ಕಣ್ಣು ಮುಚ್ಚಿದ್ದ. ದೀಪ ಬೆಳಗಿತು, ಆರಿತು, ಮತ್ತೆ ಬೆಳಗಿತು. ಎರಡೆರಡು ಸೆಕೆಂಡಿಗೆ, ಒಂದು ಕೂದಲೆಳೆಯೂ ತಪ್ಪದೆ. ಅಷ್ಟು ಚೆನ್ನಾಗಿ ಬಾರಿಸುತ್ತಿದ್ದನೆಂದು ಆಗ ತಿಳಿಯಿತು. ಹನ್ನೊಂದರವರೆಗೆ ಎಣಿಸಿ, ‘ಸದ್ದು ಕೊಟ್ಟಿರಲಿಲ್ಲ, ಆದರೂ ಹನ್ನೊಂದು ಬಾರಿ ಒತ್ತಿದರು’ ಎಂದು ರಿಪೋರ್ಟಿನಲ್ಲಿ ಬರೆದೆ. ಸೋಮವಾರದ ಪರೀಕ್ಷೆ ನನ್ನ ತಪ್ಪಿನಿಂದ ಕೆಟ್ಟಿದೆ ಎಂದು ಬರೆದು ಸಹಿ ಹಾಕಿದೆ.

ಒಳಗೆ ಹೋಗಿ ಭುಜ ಮುಟ್ಟಿದೆ. ಕಣ್ಣು ತೆರೆದು ನಕ್ಕ.

"ಎಲ್ಲ ಸದ್ದೂ ಸಿಕ್ಕಿತಲ್ಲ?"

ಹಾಳೆಯನ್ನು ಅವನ ಮುಂದೆ ಹಿಡಿದೆ. ಅವನು ಓದುತ್ತಿರುವಾಗ, ಬೆವರಿನಿಂದ ಜಿಗುಟಾಗಿದ್ದ ಬಟನ್ ಅನ್ನು ಅವನ ಬೆರಳುಗಳಿಂದ ಬಿಡಿಸಿಕೊಂಡೆ.