ಸೈಟಿಗೊಂದು ಕಿವಿ

ನಿಮಿಷಕ್ಕೆ ಸಾವಿರ ಪದ ನುಂಗಿಯೂ ಒಂದು ಅಲ್ಪವಿರಾಮವನ್ನೂ ಕಣ್ತಪ್ಪಿಸಿ ಹೋಗಗೊಡದ ಓದುಗ ಈ ಭೂಮಂಡಲದಲ್ಲಿ ಒಬ್ಬನೇ, ಅವನು ನಾನು. ನಲವತ್ತು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವನ ಮಾತು, ನಂಬಬೇಕು. ನಂಬದವಳು ಒಬ್ಬಳೇ, ನನ್ನ ನಾದಿನಿ.

ಹುಟ್ಟಿನಿಂದಲೇ ದೃಷ್ಟಿಯಿಲ್ಲದ ಆಕೆ ಆಸ್ಪತ್ರೆಯೊಂದರ ಟೆಲಿಫೋನ್ ಆಪರೇಟರ್. ಗೋಡೆಗಳು ಏನೋ ಗುಟ್ಟು ಹೇಳುತ್ತಿವೆ ಎಂಬಂತೆ ತಲೆಯನ್ನು ತುಸು ಎಡಕ್ಕೆ ವಾಲಿಸಿ ನಡೆಯುತ್ತಾಳೆ. ಕೊರಳಲ್ಲಿ ಹಾರದಂತೆ ಹೆಡ್‌ಫೋನು, ಅದರ ಒಂದು ಕಿವಿಗೆ ಹಸಿರು ಉಣ್ಣೆಯ ತೇಪೆ. ಪರದೆಯ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರನ್ನು ಆಕೆ ಓಡಿಸುವ ವೇಗಕ್ಕೆ ನನಗೆ ಕೇಳುವುದು ಸಾಸಿವೆ ಸಿಡಿದ ಸದ್ದು ಮಾತ್ರ. ಆದರೆ ಒಂದೊಂದು ಜಾಲತಾಣಕ್ಕೂ ಬೇರೆಯೇ ಸೆಟ್ಟಿಂಗ್, ಬೇರೆಯೇ ಅಡ್ಡಹೆಸರು. ಸುದ್ದಿಯ ತಾಣ ‘ಸಂತೆ’: ಅಲ್ಲಿ ಜಾಹೀರಾತು ಹಾರಿಸಿ ಓಡು. ನಿಘಂಟಿನದು ‘ಮೇಷ್ಟ್ರು’: ಚಿಹ್ನೆ ಸಹಿತ ನಿಧಾನವಾಗಿ ಓದು. ರೈಲಿನದು ‘ಬಾಯಿಬಡುಕ’: ಕೇಳಿದರಷ್ಟೇ ಮಾತಾಡು.

“ಎಲ್ಲಕ್ಕೂ ಒಂದೇ ಇಟ್ಟರೆ ಆಗಲ್ವೇನೇ?”

“ಭಾವ, ನೀವು ಡಾಕ್ಟರ ಹತ್ರಾನೂ ಹಾಲಿನವನ ಹತ್ರಾನೂ ಒಂದೇ ಥರ ಮಾತಾಡ್ತೀರಾ?”

ನಾನು ಮಾತಾಡುವುದೇ ಹಾಗೆ.

ಹನ್ನೆರಡು ವರ್ಷ ಅನ್ಯರ ಕರೆಗಳನ್ನು ಅನ್ಯರಿಗೆ ದಾಟಿಸಿ ದಣಿದವಳು, ಬಿಡುವಿನಲ್ಲೆಲ್ಲ ಕಾನೂನಿನ ಪದಗಳನ್ನು ಬಾಯಿಪಾಠ ಮಾಡಿ, ನ್ಯಾಯಾಲಯದ ಅನುವಾದಕಿಯ ಹುದ್ದೆಗೆ ಅರ್ಜಿ ಹಾಕಲು ಕುಳಿತಳು. ವಯಸ್ಸಿನ ಮಿತಿ ದಾಟುವ ಮುನ್ನ ಇದೇ ಕೊನೆಯ ಅವಕಾಶ. ಒಮ್ಮೆ ಸಲ್ಲಿಸಿದರೆ ತಿದ್ದುವಂತಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಗಡುವು. ಆ ತಾಣ ಭಾವಚಿತ್ರವನ್ನು ಮೂರು ಬಾರಿ ಉಗುಳಿ ನಾಲ್ಕನೆಯ ಬಾರಿ ನುಂಗುವಷ್ಟರಲ್ಲಿ ಉಳಿದದ್ದು ಆರು ನಿಮಿಷ. ನನ್ನ ವಿಶ್ವವಿಖ್ಯಾತ ಕಣ್ಣನ್ನು ಪುಟದ ಮೇಲೆ ಹಾಯಿಸಿದೆ.

“ಎಲ್ಲಾ ಸರಿ ಇದೆ, ಒತ್ತೇ ಮಾರಾಯ್ತಿ!”

“ತಡೀರಿ. ಈ ಸೈಟಿನ ಹೆಸರು ಕಳ್ಳಬೆಕ್ಕು. ಪುಟ ಹಿಂದೆ ಮುಂದೆ ಆದ್ರೆ ಚೌಕಗಳಿಗೆ ತಾನೇ ಗುರುತು ಹಾಕ್ಕೊಂಡುಬಿಡುತ್ತೆ. ಇಲ್ಲಿ ಒಂದೊಂದು ಚೌಕಾನೂ ಬಾಯಿಬಿಟ್ಟು ಹೇಳು ಅಂತ ಇಟ್ಟಿದ್ದೀನಿ.”

“ಗಂಟೆ ನೋಡೇ!”

“ನೀವೇ ನೋಡ್ತಿರಿ.”

ಗಡಿಯಾರದ ಮುಳ್ಳು ನನ್ನ ಎದೆಯ ಮೇಲೇ ನಡೆಯುತ್ತಿತ್ತು. ಯಂತ್ರ ಸಾವಧಾನವಾಗಿ ಚೌಕ ಚೌಕ ದಾಟಿ ಬಂದು ನುಡಿಯಿತು: “ಸಂದರ್ಶನಕ್ಕೆ ಹಾಜರಾಗಲು ಇಚ್ಛೆಯಿಲ್ಲ. ಗುರುತು ಇದೆ.”

ಆಕೆ ನಗುತ್ತ ಗುರುತು ತೆಗೆದಳು, ಒತ್ತಿದಳು. ಅರ್ಜಿ ಸ್ವೀಕೃತವಾದಾಗ ಇನ್ನೂ ಒಂದು ನಿಮಿಷವಿತ್ತು. ನಾನು ಕನ್ನಡಕ ತೆಗೆದು, ತಪ್ಪೆಲ್ಲ ಅದರದೇ ಎಂಬಂತೆ ಬಹಳ ಹೊತ್ತು ಒರೆಸಿದೆ.

ನಾವು ಕಣ್ಣುಳ್ಳವರು ಲೋಕವನ್ನು ಒಂದೇ ನೋಟದಲ್ಲಿ ಸವರಿ ‘ಗೊತ್ತು’ ಎಂದುಬಿಡುತ್ತೇವೆ. ಇಂಥವರೋ ಪ್ರತಿ ಹೊಸಿಲಲ್ಲೂ ನಿಂತು, ಒಳಗಿರುವವರ ಸ್ವಭಾವವನ್ನು ವಿಚಾರಿಸಿಕೊಂಡೇ ಕಾಲಿಡುವ ಜಾಣರು. ಈ ತತ್ತ್ವವನ್ನು ಆಕೆಯ ಮುಂದೆ ಗಂಭೀರವಾಗಿ ಮಂಡಿಸಿ, ಮೆಲ್ಲಗೆ ಕೇಳಿದೆ: “ನನಗೂ ಒಂದು ಸೆಟ್ಟಿಂಗ್ ಇಟ್ಟಿದ್ದೀಯೇನೇ?”

“ಮದುವೆ ಮನೇಲೇ ಇಟ್ಟೆ ಭಾವ. ನಿಮ್ಮ ಮಾತಲ್ಲಿ ಅಂಕಿ ಬಂದ ಕಡೆಯೆಲ್ಲ ಹತ್ತರಿಂದ ಭಾಗಿಸು ಅಂತ.”