ಹೆಸರು ಹೇಳಬಾರದ ಹುಡುಗಿ

"ಅ ಆ ಇ ಈ ತಿದ್ದಿ ಮೂರು ವರ್ಷ ಆಗಿಲ್ಲ, ಪೇಪರ್ ನಡೆಸ್ತಾಳಂತೆ ಮುಂಡೆ. ಬಳಿಯೇ, ಬೇಗ ಬಳಿ. ಮೂಗು ಇನ್ನೂ ಕಾಣ್ತಾ ಇದೆ."

ಬ್ಲಾಕ್ ಕಚೇರಿಯ ಬಿ.ಡಿ.ಒ. ಪಾಠಕ್ ಸಾಹೇಬರು ಜೀಪಿಗೆ ಒರಗಿ ನಿಂತಿದ್ದರು. ಜವಾನ ಕೊಡೆ ಹಿಡಿದಿದ್ದ. ಫೇಕನಿ ಸುಣ್ಣದ ಬಕೆಟ್ಟಿನಲ್ಲಿ ಕುಂಚ ಅದ್ದಿ, ಇದ್ದಿಲಿನಲ್ಲಿ ತಾನೇ ಬರೆದಿದ್ದ ಮುಖದ ಮೇಲೆ ಎಳೆದಳು. ಒಂದೇ ಎಳೆತಕ್ಕೆ ಮೂಗು ಹೋಯಿತು. ಕಣ್ಣುಗಳಿಗೆ ಎರಡು ಸಲ ಬಳಿಯಬೇಕಾಯಿತು. ಅಷ್ಟು ಒತ್ತಿ ಬರೆದಿದ್ದಳು.

ರೇಷನ್ ಅಂಗಡಿಯ ಆ ಹಿಂಗೋಡೆಯೇ ಊರಾಚೆಯ ಭುಇಯಾ ಕೇರಿಯ ಹೆಂಗಸರ ಪತ್ರಿಕೆ. ಅಕ್ಷರ ಕಲಿತ ನಾಲ್ವರು ಸೇರಿ ಸೋಮವಾರಕ್ಕೊಮ್ಮೆ ಬರೆಯುತ್ತಿದ್ದರು. ಅಕ್ಕಿಯಲ್ಲಿ ಎಷ್ಟು ಕಲ್ಲು, ಶಾಲೆಗೆ ಮಾಸ್ತರರು ಯಾವತ್ತು ದರ್ಶನ ಕೊಟ್ಟರು, ಪಂಚಾಯಿತಿ ಮುಖಿಯಾನ ಎಮ್ಮೆ ಆಸ್ಪತ್ರೆಯ ಯಾವ ಕೋಣೆಯಲ್ಲಿ ಬಾಣಂತನ ಮಾಡಿಸಿಕೊಂಡಿತು, ಇಂಥವು. ಸಾಹೇಬರೂ ಓದಿ ನಕ್ಕದ್ದುಂಟು. ಆದರೆ ಈ ವಾರ ಬಂದದ್ದು ಜಿರಿಯಾಳ ಮುಖ.

ಜಿರಿಯಾ ಫೇಕನಿಯ ಅಣ್ಣನ ಮಗಳು, ಒಂಬತ್ತು ವರ್ಷ. ಕಾಗೆಬಂಗಾರ ಕೆದಕಲು ಬನವಾರಿ ಸೇಠನ ಬಿಲದೊಳಗೆ ಇಳಿದವಳ ಮೇಲೆ ಮಣ್ಣು ಕುಸಿಯಿತು. ಆ ಬಿಲಗಳಲ್ಲಿ ದೊಡ್ಡವರ ಭುಜ ಹಿಡಿಸುವುದಿಲ್ಲ, ಅದಕ್ಕೇ ಮಕ್ಕಳು. ಸೇಠನ ಆಳುಗಳು ಹೆಣವನ್ನು ಎಳೆದು ತಂದು ಹಿಪ್ಪೆ ಮರದ ಬುಡದಲ್ಲಿ ಮಲಗಿಸಿದರು. "ಹಿಪ್ಪೆ ಹೂ ಕೊಯ್ಯುವಾಗ ಮರದಿಂದ ಬಿದ್ದು ಸಾವು" ಎಂದು ಬ್ಲಾಕ್ ಕಚೇರಿಯಲ್ಲಿ ಕಾಗದ ತಯಾರಾಯಿತು. ಹಿಪ್ಪೆ ಹೂ ತಾನಾಗಿಯೇ ನೆಲಕ್ಕುದುರುತ್ತದೆ. ಅದಕ್ಕಾಗಿ ಮರ ಹತ್ತಿದವರನ್ನು ಆ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ. ಫೇಕನಿ ಬರೆದದ್ದು ಇಷ್ಟೇ.

ಸಾಹೇಬರು ಅಪ್ಪಣೆಯ ಕಾಗದ ತಂದಿದ್ದರು. ಮಗುವಿನ ಹೆಸರು, ಮುಖ, ತಂದೆತಾಯಿ, ಯಾವುದನ್ನೂ ಯಾವ ಮಾಧ್ಯಮದಲ್ಲೂ ತೋರಿಸುವಂತಿಲ್ಲ, ಮಕ್ಕಳ ರಕ್ಷಣೆಗಾಗಿ ಈ ಕ್ರಮ, ಎಂದು ಓದಿ ಹೇಳಿದರು. ಗೋಡೆಯೂ ಮಾಧ್ಯಮವೇ ಎಂದು ತಾವೇ ಸೇರಿಸಿದರು.

"ಸತ್ತ ಮಗೀನ ಇನ್ನು ಯಾರಿಂದ ಕಾಪಾಡ್ತೀರ ಸಾಹೇಬ್ರೇ?" ಫೇಕನಿ ತಿರುಗದೆಯೇ ಕೇಳಿದಳು.

"ಬಾಯ್ ಮುಚ್ಕೊಂಡು ಬಳಿ. ಕಾನೂನು ನಿಮ್ಮಪ್ಪನ ಮನೇದಲ್ಲ."

ಸುಣ್ಣದ ಚೀಲದ ಮೇಲೆ ಏನೋ ಅಚ್ಚಾಗಿತ್ತು. ಫೇಕನಿ ಕೂಡಿಸಿಕೊಂಡು ಓದಿದಳು. ಬನವಾರಿ ಸೇಠನ ಗೋದಾಮಿನ ಹೆಸರು.

ಮುಂದಿನ ಸೋಮವಾರ ಸಂತೆಗೆ ಬಂದವರು ಹೊಸ ಸುಣ್ಣದ ಮೇಲೆ ದಪ್ಪ ಅಕ್ಷರಗಳನ್ನು ಕಂಡರು.

"ಸರ್ಕಾರದ ಅಪ್ಪಣೆಯಂತೆ ಈ ಹುಡುಗಿಯ ಹೆಸರು ಹೇಳುವುದಿಲ್ಲ. ಇವಳು ಹೆಸರು ಹೇಳಬಾರದ ಸೇಠನ ಬಿಲದಲ್ಲಿ ಸಾಯಲಿಲ್ಲ. ನೆಲಕ್ಕೆ ಬಿದ್ದ ಹೂವನ್ನು ಮರ ಹತ್ತಿ ಕೊಯ್ದಳು. ಕಣ್ಣಾರೆ ಕಂಡವರು ಹೆಸರು ಹೇಳಬಾರದ ಸಾಹೇಬರು. ಆ ಹೊತ್ತಿನಲ್ಲಿ ಅವರು ಸೇಠನ ಮನೆಯಲ್ಲಿ ಕೋಳಿ ತಿನ್ನುತ್ತಿದ್ದರು. ಕೋಳಿಯ ಹೆಸರನ್ನೂ ಹೇಳುವುದಿಲ್ಲ, ಅದೂ ಎಳೆಯದು."

ಓದು ಬರುವವರು ಬಾರದವರಿಗೆ ಓದಿ ಹೇಳಿದರು. ಚಹಾದಂಗಡಿಯಲ್ಲಿ ಯಾವ ಹುಡುಗಿ ಎಂದು ಒಬ್ಬ ಕೇಳಿದರೆ ಹತ್ತು ಜನ ಜಿರಿಯಾ ಅನ್ನುತ್ತಿದ್ದರು. ಜನಿವಾರದ ಸಾಹೇಬರ ಜೀಪು ಸಂತೆಬೀದಿ ದಾಟುವಾಗ ತರಕಾರಿ ರಾಶಿಗಳ ಹಿಂದಿನಿಂದ ಕೊಕ್ಕೊಕ್ಕೋ ಎಂದು ಕೇಳಿಸತೊಡಗಿತು. ಸಾಹೇಬರು ಎರಡು ದಿನ ತಡೆದುಕೊಂಡರು. ಮೂರನೆಯ ದಿನ ಪೊಲೀಸರು ಬಂದು, ಹಿಪ್ಪೆ ಹೂ ಆರಿಸುತ್ತಿದ್ದ ಫೇಕನಿಯನ್ನು ಬುಟ್ಟಿಯ ಸಮೇತ ಎತ್ತಿ ಹಾಕಿಕೊಂಡು ಹೋದರು. ಜಿರಿಯಾಳ ತಾಯಿ ಬಸಮತಿಯಾ ವ್ಯಾನಿನ ಹಿಂದೆ ನಡೆದೇ ಬಂದು ಠಾಣೆಯ ಕಿಟಕಿಯ ಕೆಳಗೆ ಕೂತಳು.

ಠಾಣೆಯ ಮುಖ್ಯಸ್ಥ ದರೋಗಾ, ಗುಮಾಸ್ತ ಮುನ್ಶಿಗೆ ಕೇಸು ಬರೆಯಲು ಹೇಳಿ, ಪಾಠಕ್ ಸಾಹೇಬರ ಫೋನು ಬಂತೆಂದು ಒಳಗೆ ಹೋದ. ಮುನ್ಶಿ ಮೂವತ್ತು ವರ್ಷದಿಂದ ಬರೆಯುತ್ತಾ ಬಂದವನು, ಒಂದು ಕಾಲಮನ್ನೂ ಖಾಲಿ ಬಿಟ್ಟವನಲ್ಲ. ಮಗುವಿನ ಗುರುತು ಬಯಲು ಮಾಡಿದ ಅಪರಾಧ ಎಂದು ಬರೆದು, ಕನ್ನಡಕ ಏರಿಸಿ ಕೇಳಿದ.

"ಯಾವ ಮಗೂದು?"

"ಹೇಳಂಗಿಲ್ವಲ್ಲ ಮುನ್ಶೀಜಿ. ಕಾನೂನು."

"ಇಲ್ಲಿ ಹೇಳ್ಬೌದು ಕಣಮ್ಮ, ಇದು ಸರ್ಕಾರಿ ಪುಸ್ತಕ. ಹೆಸರಿಲ್ದೆ ಕೇಸು ನಿಲ್ಲಲ್ಲ."

"ಬ್ಯಾಡ, ಆಮೇಲೆ ಇದಕ್ಕೂ ನನ್ನ ಕೈಲೇ ಸುಣ್ಣ ಬಳಿಸ್ತೀರ."

ಮುನ್ಶಿಗೆ ಸಿಟ್ಟು ಬಂತು. ತನ್ನ ಪುಸ್ತಕಕ್ಕೆ ಸುಣ್ಣ ಬಳಿಯುವವನು ಇನ್ನೂ ಹುಟ್ಟಿಲ್ಲ ಎಂದ. ಆಗ ಫೇಕನಿ ನಿಧಾನವಾಗಿ, ಅವನ ಪೆನ್ನಿನ ಓಟಕ್ಕೆ ಸರಿಯಾಗಿ ಹೇಳಿದಳು. ಜಿರಿಯಾ ಕುಮಾರಿ. ಒಂಬತ್ತು ವರ್ಷ. ತಾಯಿ ಬಸಮತಿಯಾ ದೇವಿ. ಸತ್ತದ್ದು ಎಲ್ಲಿ ಎಂಬ ಕಾಲಮು ಬಂತು. ಬನವಾರಿ ಸೇಠನ ಮೂರನೇ ಬಿಲ, ಮಣ್ಣು ಕುಸಿದು. ಅದನ್ನೂ ಬರೆದ. ಅಭ್ಯಾಸಬಲದಿಂದ ಹೆಬ್ಬೆಟ್ಟಿನ ಮಸಿಡಬ್ಬಿಯನ್ನು ಮುಂದಕ್ಕೆ ತಳ್ಳಿದ. ಫೇಕನಿ ಅದನ್ನು ಹಿಂದಕ್ಕೆ ತಳ್ಳಿ ಪೆನ್ನು ಇಸಿದುಕೊಂಡು ರುಜು ಹಾಕಿದಳು.

ದರೋಗಾ ಬಂದು ಓದಿದ. ಮತ್ತೊಮ್ಮೆ ಓದಿದ.

"ಲೇ ಬೋಳೀಮಗನೆ, ಏನೋ ಬರ್ದಿದೀಯ? ಹರಿದು ಹಾಕೋ ಇದನ್ನ."

"ಪುಟಕ್ಕೆ ನಂಬ್ರು ಅಚ್ಚಾಗಿದೆ ಹುಜೂರ್. ಹರಿದ್ರೆ ನನ್ನ ನೌಕರಿ ಹೋಗುತ್ತೆ, ನಿಮ್ದೂನೂವೆ."

ದರೋಗಾ ಫೇಕನಿಯ ಕೆನ್ನೆಗೆ ಬಾರಿಸಿದ. ತುಟಿ ಒಡೆಯಿತು. ಕೂದಲು ಹಿಡಿದೆಳೆದು ಲಾಕಪ್ಪಿಗೆ ನೂಕಿ ಬೀಗ ಹಾಕಿದ. ಹೊರಗೆ ಇಬ್ಬರೂ ಒಬ್ಬರ ಮೇಲೊಬ್ಬರು ಕೂಗಾಡುವುದು ಕೇಳಿಸುತ್ತಿತ್ತು. ಫೋನು ಮತ್ತೆ ಹೊಡೆದುಕೊಳ್ಳುತ್ತಿತ್ತು, ಯಾರೂ ಎತ್ತಲಿಲ್ಲ.

ಕಿಟಕಿಯ ಸರಳಿನಾಚೆ ಬಸಮತಿಯಾಳ ತಲೆ ಕಾಣಿಸಿತು.

"ಬರ್ಕೊಂಡ್ರಾ?"

"ಹೂಂ ಅತ್ತಿಗೆ. ಬರ್ಕೊಂಡ್ರು."

"ಹೆಂಗೆ ಬರೀತಾರೆ ಅದನ್ನ?"

ಫೇಕನಿ ತುಟಿಯ ರಕ್ತ ಒರೆಸಿಕೊಂಡು, ಸರಳಿನಿಂದ ಕೈ ಹೊರಗೆ ಚಾಚಿ ಅತ್ತಿಗೆಯ ಬೆರಳು ಹಿಡಿದಳು. ಕಿಟಕಿಯ ಕಟ್ಟೆಯ ಮೇಲೆ ಕಾಗೆಬಂಗಾರದ ಧೂಳು ಕೂತಿತ್ತು. ಜಕ್ಕೆ ಗುಡಿಸು ಜಿ, ರಕ್ಕೆ ಗುಡಿಸು ರಿ ಎನ್ನುತ್ತಾ ತಿದ್ದಿಸಿದಳು. ಬಸಮತಿಯಾಳ ಬೆರಳು ಒರಟು, ಎರಡನೇ ಅಕ್ಷರ ಸೊಟ್ಟಗಾಯಿತು. ಅವಳು ಅದನ್ನು ಅಂಗೈಯಿಂದ ಒರೆಸಿ, ಮೊದಲಿನಿಂದ ಬರೆಯಲು ಶುರುಮಾಡಿದಳು.